ಕಲಬೆರಕೆ ಚೀಲ ನಿಲ್ಲಿಸುತ್ತಿದ್ದೇವೆ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಮಾನ್ಯ ಗ್ರಾಹಕರೇ,

ನಮಸ್ಕಾರ. ಕಲಬೆರಕೆ ಚೀಲ ನಿಲ್ಲಿಸುತ್ತೇವೆಂದು ಕಳೆದ ವಾರ ಎಲ್ಲರಿಗೂ ಇಂಗ್ಲಿಷಿನಲ್ಲಿ ಮೂರು ಸಾಲಿನ ಸೂಚನೆ ಕಳುಹಿಸಿದ್ದೆವು. ಅದನ್ನು ಓದಿದ ಟೆಕ್ಸಾಸ್‌ನ ಕನ್ನಡಿಗ ಗೆಳೆಯರು ಒಬ್ಬರ ಹಿಂದೆ ಒಬ್ಬರು ಫೋನ್ ಮಾಡಿ ಕೇಳಿದ್ದು ಒಂದೇ ಮಾತು: "ಬೆಲೆ ಏರಿಸಲು ಇದೊಂದು ನೆಪವೇ?" ಬೆಲೆ ಏರಿರುವುದು ನಿಜ. ನೆಪವೋ ಅಲ್ಲವೋ ಎಂಬುದನ್ನು ಈ ಪತ್ರ ಓದಿದ ಮೇಲೆ ನೀವೇ ಹೇಳಿ.

ಸೆಪ್ಟೆಂಬರ್ 1ರಿಂದ ರೈಫಲ್‌ನ ಖಾಲಿ ಹಿತ್ತಾಳೆ ಕೇಸ್‌ಗಳನ್ನು (ಗುಂಡು ಹಾರಿದ ಮೇಲೆ ಉಳಿಯುವ, ಮತ್ತೆ ಮದ್ದು ತುಂಬಿ ಬಳಸುವ ಕವಚಗಳನ್ನು) ಕಲಬೆರಕೆಯಾಗಿ, ಪೌಂಡಿನ ಲೆಕ್ಕದಲ್ಲಿ ನಾವು ಮಾರುವುದಿಲ್ಲ. ಬುಡದ ಮುದ್ರೆ ನೋಡಿ ಬೇರ್ಪಡಿಸಿ, ಎಣಿಸಿ, ನೂರರ ಚೀಲಗಳಲ್ಲಿ ಮಾತ್ರ ಕೊಡುತ್ತೇವೆ.

ಇದಕ್ಕೆ ಕಾರಣವಾದವರು ನಮ್ಮ ಹಳೆಯ ಗ್ರಾಹಕರೊಬ್ಬರು. ಮದ್ದಿನ ವಿಷಯದಲ್ಲಿ ಅವರಷ್ಟು ಜಾಗರೂಕರು ಕಡಿಮೆ. ತಮ್ಮ .308 (ಇಂತಹ ಅಂಕಿಗಳೆಲ್ಲ ಕೇಸಿನ ಮಾದರಿಯ ಹೆಸರು) ರೈಫಲ್‌ಗೆ ಒಂದೇ ಕಂಪನಿಯ ಕೇಸ್‌ಗಳಲ್ಲಿ ಹಂತ ಹಂತವಾಗಿ ಮದ್ದು ಏರಿಸಿ, ತಮಗೆ ಹೊಂದುವ ಪ್ರಮಾಣವನ್ನು ಗುರುತು ಹಾಕಿಕೊಂಡಿದ್ದರು. ಆ ಕೇಸ್‌ಗಳು ಮುಗಿದಾಗ ನಮ್ಮ ಚೀಲದಿಂದ ತೆಗೆದು ಅದೇ ಪ್ರಮಾಣದಲ್ಲಿ ತುಂಬಿದರು. ನಾಲ್ಕನೆಯ ಗುಂಡಿಗೆ, ರೈಫಲ್‌ನ ಹಿಂಬದಿ ಮುಚ್ಚುವ ಬೋಲ್ಟ್ ಎತ್ತಲಾಗಲಿಲ್ಲ. ಮರದ ಸುತ್ತಿಗೆಯಿಂದ ತಟ್ಟಿ ತೆಗೆದಾಗ, ಮದ್ದಿಗೆ ಕಿಡಿ ಹೊತ್ತಿಸುವ ಬುಡದ ಪುಟ್ಟ ಬಟ್ಟಲು, ಅಂದರೆ ಪ್ರೈಮರ್, ಚಪ್ಪಟೆಯಾಗಿ ಅಂಚಿನವರೆಗೆ ಹರಡಿಕೊಂಡಿತ್ತು: ಒತ್ತಡ ಮಿತಿಮೀರಿದ ಗುರುತು. ಅವರಿಗೆ ಏನೂ ಆಗಲಿಲ್ಲ, ರೈಫಲ್‌ಗೂ ಆಗಲಿಲ್ಲ. ಆ ಕೇಸನ್ನು ತಂದು ನಮ್ಮ ಮೇಜಿನ ಮೇಲಿಟ್ಟು, ಒಂದು ಮಾತನ್ನೂ ಆಡದೆ ಕುಳಿತರು. ಬೈದಿದ್ದರೆ ವಾಸಿ ಎನ್ನಿಸಿತು.

ಆ ಕೇಸಿನ ಬುಡದಲ್ಲಿ ಎಲ್‌ಸಿ ಎಂಬ ಮುದ್ರೆಯಿತ್ತು. ಮಿಸ್ಸೌರಿಯ ಇಂಡಿಪೆಂಡೆನ್ಸ್ ಊರಿನಲ್ಲಿರುವ ಲೇಕ್ ಸಿಟಿ ಸೇನಾ ಕಾರ್ಖಾನೆಯ ಗುರುತು ಅದು. ಜೊತೆಯ ಎರಡು ಅಂಕಿಗಳು ತಯಾರಾದ ವರ್ಷ. ಸೇನೆಯ 7.62×51 ಕೇಸೂ ಅಂಗಡಿಯ .308 ಕೇಸೂ ಹೊರಗಿನಿಂದ ನೋಡಲು ಅವಳಿ ಮಕ್ಕಳಂತೆ. ಆದರೆ ತಕ್ಕಡಿಗೆ ಹಾಕಿದರೆ ಸೇನೆಯದು ಸುಮಾರು 180 ಗ್ರೇನ್ (7000 ಗ್ರೇನ್ ಸೇರಿದರೆ ಒಂದು ಪೌಂಡ್) ತೂಗುತ್ತದೆ, ಅಂಗಡಿಯ ಕೆಲವು ಕೇಸ್‌ಗಳು 160ರ ಆಸುಪಾಸಿನಲ್ಲೇ ನಿಲ್ಲುತ್ತವೆ. ಹೊರಗಿನ ಅಳತೆ ಒಂದೇ ಆದ ಮೇಲೆ ಹೆಚ್ಚುವರಿ ಹಿತ್ತಾಳೆ ಒಳಗಡೆಯೇ ಇರಬೇಕಲ್ಲವೇ? ಅಷ್ಟರಮಟ್ಟಿಗೆ ಮದ್ದಿನ ಜಾಗ ಕಡಿಮೆ. ದೊಡ್ಡ ಕುಕ್ಕರಿಗೆ ಅಳೆದಿಟ್ಟ ಅಕ್ಕಿ, ನೀರನ್ನು ಚಿಕ್ಕ ಕುಕ್ಕರಿಗೆ ಸುರಿದಂತೆ. ಒತ್ತಡ ಏರದೆ ಇನ್ನೇನಾದೀತು? ತಪ್ಪು ಆ ಕೇಸಿನದಲ್ಲ, ತುಂಬಿದವರದೂ ಅಲ್ಲ. ಎರಡನ್ನೂ ಒಂದೇ ಚೀಲಕ್ಕೆ ಸುರಿದ ನಮ್ಮದು.

ಲೆಕ್ಕ ಹಾಕಿದಾಗ ಇನ್ನೊಂದು ಸಂಗತಿಯೂ ಹೊರಬಿತ್ತು. ಒಂದು ಪೌಂಡಿಗೆ ದಪ್ಪ ಕೇಸ್ ಹೆಚ್ಚೆಂದರೆ 39 ಬರುತ್ತದೆ, ತೆಳುವಾದದ್ದು 43ಕ್ಕೂ ಮಿಕ್ಕಿ. ತೂಕದಲ್ಲಿ ಮಾರಿ ಇಷ್ಟು ದಿನ ಕೆಲವರಿಗೆ ಎಣಿಕೆಯಲ್ಲೂ ಅನ್ಯಾಯ ಮಾಡಿದ್ದೇವೆ.

ನಾನು ಕೊಡಗಿನ ಕಾಫಿ ತೋಟದಲ್ಲಿ ಬೆಳೆದವನು. ಪಾರ್ಚ್‌ಮೆಂಟಿನ (ಸಿಪ್ಪೆ ಸುಲಿದು ತೊಳೆದು ಒಣಗಿಸಿದ ಕಾಫಿಯ) ಮೂಟೆಗೆ ಒಂದು ಬೊಗಸೆ ಚೆರ್ರಿ (ಹಣ್ಣಾಗಿಯೇ ಒಣಗಿಸಿದ ಕಾಫಿ) ಬೆರೆತರೆ ನನ್ನ ತಂದೆ ಇಡೀ ಮೂಟೆಯನ್ನು ಕಣದಲ್ಲಿ ಸುರಿಸಿ ಮತ್ತೆ ಆರಿಸುತ್ತಿದ್ದರು. ಅದೇ ಕೆಲಸವನ್ನು ಈಗ ಡಲ್ಲಾಸ್ ಹೊರವಲಯದ ಶೆಡ್ಡಿನಲ್ಲಿ ನಾನೂ ನನ್ನ ಹೆಂಡತಿಯೂ ಮಾಡುತ್ತಿದ್ದೇವೆ. ಮೊದಲು ಅಯಸ್ಕಾಂತ: ಹಿತ್ತಾಳೆಯ ಬಣ್ಣ ಬಳಿದುಕೊಂಡ ಉಕ್ಕಿನ ಕೇಸ್‌ಗಳು ತಾವಾಗಿಯೇ ಅಂಟಿಕೊಂಡು ಹೊರಬರುತ್ತವೆ. ಆಮೇಲೆ ಟಾರ್ಚ್ ಹಿಡಿದು ಬಾಯೊಳಗೆ ಇಣುಕುವುದು. ದೊಡ್ಡ ಕೇಸಿನೊಳಗೆ .22ರ ಪುಟ್ಟ ಕೇಸ್ ಹೊಕ್ಕು ಕುಳಿತಿರುವುದುಂಟು. ತಳದಲ್ಲಿ ನಡುವೆ ಒಂದೇ ರಂಧ್ರವಿದ್ದರೆ ಬಾಕ್ಸರ್ ಮಾದರಿ, ಎರಡು ಚಿಕ್ಕ ರಂಧ್ರಗಳಿದ್ದರೆ ಬರ್ಡನ್. ಕೇಸನ್ನು ಮತ್ತೆ ಅಳತೆಗೆ ತರುವ ಅಚ್ಚು, ಅಂದರೆ ಡೈ, ಅದರಲ್ಲಿ ಹಳೆಯ ಪ್ರೈಮರ್ ತಳ್ಳುವ ಸೂಜಿಯನ್ನು ಬರ್ಡನ್ ಮುರಿಯುತ್ತದೆ, ಆದ್ದರಿಂದ ಅದು ನೇರವಾಗಿ ಗುಜರಿಗೆ. (ಬಾಕ್ಸರ್ ಬ್ರಿಟಿಷ್ ಅಧಿಕಾರಿ, ಬರ್ಡನ್ ಅಮೆರಿಕದವನು; ಅಮೆರಿಕ ಹಿಡಿದದ್ದು ಬ್ರಿಟಿಷನ ದಾರಿ, ಯೂರೋಪಿನ ಸೇನೆಗಳು ಹೆಚ್ಚಾಗಿ ಅಪ್ಪಿಕೊಂಡದ್ದು ಅಮೆರಿಕದವನದು!)

ಕೊನೆಗೆ ಬುಡದ ಮುದ್ರೆ. ಹೆಚ್ಚು ಹೊತ್ತು ಹಿಡಿಯುವುದೂ ಕಣ್ಣು ನೋಯುವುದೂ ಇಲ್ಲಿಯೇ. .30-06, .270, .308, .243, 6.5 ಕ್ರೀಡ್‌ಮೋರ್ ಎಲ್ಲಕ್ಕೂ ಬುಡದ ಅಗಲ ಒಂದೇ, 0.473 ಅಂಗುಲ. ಕೇಸಿನ ಬುಡ ಹಿಡಿಯುವ ಶೆಲ್ ಹೋಲ್ಡರ್ ಎಲ್ಲವನ್ನೂ ಸಮಾನವಾಗಿ ಹಿಡಿದುಕೊಳ್ಳುತ್ತದೆ, ಆದ್ದರಿಂದ ಕೇಸನ್ನು ಡೈಗೆ ಒತ್ತುವ ಯಂತ್ರ, ಪ್ರೆಸ್, ನಿಮ್ಮನ್ನು ಎಚ್ಚರಿಸುತ್ತದೆಂದು ನಂಬಿ ಕೂರಬೇಡಿ. ಗ್ರೀಸ್ ಹಚ್ಚಿದ .308 ಕೇಸ್ .243ರ ಡೈಗೆ ಹೋದರೆ ಕತ್ತು ಕಿರಿದಾಗಿ, ಗೋಡೆ ದಪ್ಪವಾಗಿ ಹೊರಬರುತ್ತದೆ. ಅಂತಹ ಕತ್ತು ರೈಫಲ್‌ನಲ್ಲಿ ಗುಂಡು ಕೂರುವ ಚೇಂಬರ್‌ನಲ್ಲಿ ಇಕ್ಕಟ್ಟಾದರೆ ಗುಂಡನ್ನು ಬಿಟ್ಟುಕೊಡುವುದಿಲ್ಲ.

ಮುದ್ರೆಯೂ ಪೂರ್ತಿ ಸತ್ಯ ಹೇಳುವುದಿಲ್ಲ. .300 ಬ್ಲ್ಯಾಕ್‌ಔಟ್ ಕೇಸನ್ನು 5.56 ಅಥವಾ .223 ಕೇಸ್ ಕತ್ತರಿಸಿ ಮಾಡಬಹುದು. ಬುಡದಲ್ಲಿ ಹಳೆಯ ಹೆಸರೇ ಉಳಿದಿರುತ್ತದೆ. .300ರ ತುಂಬಿದ ಗುಂಡು .223 ರೈಫಲ್‌ನ ಚೇಂಬರ್‌ಗೆ ಹೋಗಿ, ಬೋಲ್ಟ್ ಮುಚ್ಚಿಕೊಂಡು, ರೈಫಲ್ ಸಿಡಿದ ಘಟನೆಗಳು ನಡೆದಿವೆ. ಹಾಗಾಗಿ ಕತ್ತರಿಸಿ ಮಾಡಿದ .300 ಕೇಸ್‌ಗಳ ಮಾರಾಟವನ್ನು ಇಂದೇ ನಿಲ್ಲಿಸಿದ್ದೇವೆ. ಚೆನ್ನಾಗಿ ಖರ್ಚಾಗುತ್ತಿದ್ದ ಮಾಲು ಅದು, ಇರಲಿ.

"ಒಮ್ಮೆ ಮಾತ್ರ ಹಾರಿಸಿದ್ದು" ಎಂಬ ಚೀಟಿಯನ್ನೂ ಬಹುಪಾಲು ಚೀಲಗಳಿಂದ ಕಿತ್ತುಹಾಕುತ್ತಿದ್ದೇವೆ. ಶೂಟಿಂಗ್ ರೇಂಜಿನ ನೆಲದಿಂದ ಬಳಿದು ತಂದ ಕೇಸಿನ ಜಾತಕ ಯಾರಿಗೆ ಗೊತ್ತು? ಸೇನೆಯ ಕೇಸ್‌ನಲ್ಲಿ ಮಾತ್ರ ಒಂದು ಸಾಕ್ಷಿ ಸಿಗುತ್ತದೆ: ಪ್ರೈಮರ್ ಸಡಿಲವಾಗದಂತೆ ಕಾರ್ಖಾನೆಯಲ್ಲಿ ಒತ್ತಿದ ಉಂಗುರ. ಅದು ಹಾಗೆಯೇ ಇದ್ದರೆ ಪ್ರೈಮರನ್ನು ಯಾರೂ ಬದಲಿಸಿಲ್ಲ. ಅಂತಹವಕ್ಕಷ್ಟೇ ಆ ಚೀಟಿ. ಹೊಸ ಪ್ರೈಮರ್ ಕೂರಿಸುವ ಮೊದಲು ಆ ಉಂಗುರವನ್ನು ನೀವು ತೆಗೆಯಲೇಬೇಕು, ಒತ್ತಾಯದಿಂದ ತುರುಕಬೇಡಿ. ಬುಡದ ಸ್ವಲ್ಪ ಮೇಲೆ ಹೊಳೆಯುವ ಗೆರೆ ಸುತ್ತಿಕೊಂಡ ಕೇಸ್ ಕಂಡರೆ ನಾವು ಎಸೆಯುತ್ತೇವೆ. ಆದರೂ ಮನೆಯಲ್ಲಿ ನೀವೊಮ್ಮೆ ಪೇಪರ್ ಕ್ಲಿಪ್ಪಿನ ತುದಿ ಬಗ್ಗಿಸಿ ಒಳಗೋಡೆಯ ಮೇಲೆ ಎಳೆದು ನೋಡಿ. ತುದಿ ಎಲ್ಲಾದರೂ ತಡೆದರೆ ಅಲ್ಲಿ ಹಿತ್ತಾಳೆ ತೆಳುವಾಗಿದೆ, ಮುಂದೊಂದು ದಿನ ಬುಡ ಕಳಚಿಕೊಳ್ಳುತ್ತದೆ.

ನಮ್ಮ ವಿಂಗಡಣೆ ನಿಮ್ಮ ಕೆಲಸವನ್ನು ಕಡಿಮೆ ಮಾಡುತ್ತದೆಯೇ ಹೊರತು ಮುಗಿಸುವುದಿಲ್ಲ. ಚೀಲ ಬದಲಾದಾಗಲೆಲ್ಲ ಮದ್ದು ತುಂಬುವ ಕೈಪಿಡಿಯ ಆರಂಭದ ಪ್ರಮಾಣಕ್ಕೆ ಇಳಿದು ಮತ್ತೆ ಏರಿ. ಡೈನಿಂದ ತೆಗೆದ ಮೇಲೆ ಉದ್ದ ಅಳೆಯಿರಿ; .308ಕ್ಕೆ 2.015 ಅಂಗುಲ ಗರಿಷ್ಠ, .223ಕ್ಕೆ 1.760. ಒಣ ಪುಡಿಯಲ್ಲಿ ಹೊಳಪು ಕೊಡುವುದನ್ನು ಬಿಟ್ಟು ನಾವು ನೀರಿನಲ್ಲಿ ತೊಳೆಯತೊಡಗಿದ್ದೇವೆ, ಪ್ರೈಮರ್‌ನ ಸೀಸ ಧೂಳಾಗಿ ಏಳಬಾರದೆಂದು. ಆದರೂ ಕೇಸ್ ಮುಟ್ಟಿದ ಕೈಯನ್ನು ತೊಳೆಯದೆ ಮಕ್ಕಳನ್ನು ಎತ್ತಿಕೊಳ್ಳಬೇಡಿ.

ಬೆಲೆಯ ವಿಷಯ. ಬೇರ್ಪಡಿಸಿದ .308ರ ನೂರಕ್ಕೆ 38 ಡಾಲರ್. ಪೌಂಡಿನ ಲೆಕ್ಕದಲ್ಲಿ ಇದೇ ನೂರು ನಿಮಗೆ 30ರ ಒಳಗೆ ಸಿಗುತ್ತಿತ್ತು. ನಡುವಿನ ಹಣವೆಲ್ಲ ಕೂತು ಆರಿಸುವ ಹೊತ್ತಿನ ಕೂಲಿ. ಹಳೆಯ ಕಲಬೆರಕೆ ಚೀಲ ಮನೆಯಲ್ಲಿದ್ದರೆ, ಒಡೆದಿದ್ದರೂ ಸರಿ, ಸೆಪ್ಟೆಂಬರ್ ಮುಗಿಯುವುದರೊಳಗೆ ತಂದುಕೊಡಿ. ಉಳಿದದ್ದನ್ನು ತೂಗಿ, ಕೊಂಡ ಬೆಲೆಯಲ್ಲೇ ಹಣ ಹಿಂದಿರುಗಿಸುತ್ತೇವೆ. ಅದರಲ್ಲಿ ತುಂಬಿದ ಗುಂಡುಗಳಿದ್ದರೆ ಹಾಗೆಯೇ ನಮಗೆ ತರಬೇಡಿ, ಬಿಚ್ಚಿ ಖಾಲಿ ಕೇಸ್ ಮಾತ್ರ ಕೊಡಿ. ಗುಂಡು ತುಂಬಿಕೊಡುವಿರಾ ಎಂದು ಕೇಳುವವರಿಗೆ ಉತ್ತರ ಹಳೆಯದೇ: ಮಾರಾಟಕ್ಕೆ ತುಂಬಲು ಫೆಡರಲ್ ಪರವಾನಗಿ ಬೇಕು, ಅದು ನಮ್ಮಲ್ಲಿಲ್ಲ.

ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತಕ್ಕೆ ಊರಿಗೆ ಹೊರಟಿರುವ ಕೊಡಗಿನ ನೆಂಟರಲ್ಲಿ ಇಬ್ಬರು, ಹೊಳೆಯುವ ಖಾಲಿ ಕೇಸ್‌ಗಳನ್ನು ನೆನಪಿಗೆಂದು ಕೇಳಿದ್ದಾರೆ. ಕೊಡುವುದಿಲ್ಲ, ಬೇಸರಿಸಬೇಡಿ. ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಮದ್ದುಗುಂಡಿನ ಬಿಡಿಭಾಗಗಳೂ ಮದ್ದುಗುಂಡಿನ ವ್ಯಾಖ್ಯೆಯೊಳಗೇ ಬರುತ್ತವೆ. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸ್ ತೆರೆದು ನಿಂತು ಅದು ಬರೀ ನೆನಪಿನ ಕಾಣಿಕೆಯೆಂದು ವಿವರಿಸುವ ಪಾಡು ನಿಮಗೆ ಬೇಡ. ರೇಂಜಿಗೆ ಹಾಕಿಕೊಳ್ಳುವ ಜಾಕೆಟ್‌ನ ಜೇಬನ್ನೂ ಹೊರಡುವ ಮೊದಲು ಒಮ್ಮೆ ತಡವಿ ನೋಡಿಕೊಳ್ಳಿ.

ಇತಿ ನಿಮ್ಮ ವಿಶ್ವಾಸಿಗಳು,
ಶೆಡ್ಡಿನ ಇಬ್ಬರು