ಶಿವಗಂಗೆಗೆ ಮತ್ತೆ ಹೋಗಿ ಬಂದೆ

ನಿನ್ನೆ ಶಿವಗಂಗೆ ಬೆಟ್ಟ ಹತ್ತಿಳಿದು, ತಪ್ಪಲಿನ ಕಾಲುದಾರಿಯಲ್ಲಿ ಆರು ಕಿಲೋಮೀಟರ್ ಓಡಿ, ನನ್ನ ಕಾಲಲ್ಲೇ ನಡೆದು ಮನೆ ಸೇರಿದೆ. ಅಲ್ಲೇ ಬಿದ್ದು ಕಾಲು ಮುರಿದುಕೊಂಡು 14 ತಿಂಗಳಾದ ಮೇಲೆ. ವಿಚಾರಿಸುತ್ತಲೇ ಇದ್ದ ನಿಮಗೆಲ್ಲ ಇಲ್ಲೇ ಹೇಳಿಬಿಡುತ್ತೇನೆ.

ಬಿದ್ದದ್ದು ನನ್ನದೇ ತಪ್ಪು. ಒಳಕಲ್ಲು ತೀರ್ಥದ ಗುಳಿಗೆ ಕೈ ಇಳಿಬಿಟ್ಟರೆ ಪುಣ್ಯವಂತರಿಗಷ್ಟೇ ನೀರು ತಾಗುತ್ತದೆ ಅನ್ನುತ್ತಾರಲ್ಲ, ಅವತ್ತು ನನಗೆ ತಾಗಿತ್ತು! ಆ ಹುಮ್ಮಸ್ಸಿನಲ್ಲೇ, ತುಂತುರು ಮಳೆಯಲ್ಲಿ, ತುದಿಯ ನಂದಿಯಿಂದ ಕೆಳಗೆ ಬಂಡೆಯಲ್ಲಿ ಕಡಿದ ಮೆಟ್ಟಿಲುಗಳ ಮೇಲೆ ಕಂಬಿ ಹಿಡಿಯದೆ ಓಡಿದೆ. ಬಲಪಾದದ ಕೀಲಿನ ಹತ್ತಿರ ಎರಡು ಕಡೆ ಮುರಿಯಿತು.

ಮೊದಲು ಓಡಿಬಂದದ್ದು ಸೌತೆಕಾಯಿ ಮಾರುವ ಅಜ್ಜಿ. ಊದುತ್ತಿದ್ದ ಕಾಲಿನ ಶೂ ಲೇಸನ್ನು ಸೌತೆಕಾಯಿ ಹೆಚ್ಚುವ ಚಾಕುವಿನಿಂದಲೇ ಕುಯ್ದರು. ಅದಕ್ಕಂಟಿದ್ದ ಉಪ್ಪುಖಾರ ತರಚಿದ ಜಾಗಕ್ಕೆ ತಾಗಿ, ಮೂಳೆಯ ನೋವು ಒಂದು ಕ್ಷಣ ಮರೆತೇಹೋಯಿತು. ಆಮೇಲೆ ಬುಟ್ಟಿಗೆ ಹೊದಿಸಿದ್ದ ಟವೆಲ್ ತೆಗೆದು ಕೋಲಿಟ್ಟು ಕಟ್ಟಿದರು. ಹೆಸರೂ ಹೇಳದೆ ಹೋದ ಇಬ್ಬರು ಹುಡುಗರು ಸರದಿಯಲ್ಲಿ ಬೆನ್ನ ಮೇಲೆ ಹೊತ್ತು ಇಳಿಸಿ, ದಾಬಸ್‌ಪೇಟೆವರೆಗೂ ಜೊತೆಗೆ ಬಂದರು.

ಅವರು ಬರುವವರೆಗೆ ಪಕ್ಕದಲ್ಲಿ ಕೂತ ಯಜಮಾನರೊಬ್ಬರು ಹೊತ್ತು ಹೋಗಲಿ ಅಂತ ಶಾಂತಲೆಯ ಕಥೆ ತೆಗೆದರು. ಹೊಯ್ಸಳರ ರಾಣಿ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳೆಂದು ಶ್ರವಣಬೆಳಗೊಳದ ಶಾಸನದಲ್ಲಿದೆ. ತುದಿಯಿಂದ ಹಾರಿದಳು ಅನ್ನುವುದು ಜನರ ಮಾತು. ಕಾಲು ಮುರಿದುಕೊಂಡವಳಿಗೆ ಹೇಳುವ ಕಥೆಯೇ ಸ್ವಾಮಿ ಅದು? ಆದರೂ ನಗು ಬಂತು. ನಿಮಗೂ ನಮಸ್ಕಾರ.

ಹಲ್ಲುಜ್ಜುವಾಗಲೂ ಒಂಟಿಕಾಲಲ್ಲಿ ನಿಲ್ಲಿಸಿದ ಫಿಸಿಯೋ ಮೇಡಂ, ಆಗೆಲ್ಲ ನಿಮ್ಮನ್ನು ಬೈದುಕೊಂಡಿದ್ದೇನೆ, ಕ್ಷಮಿಸಿ. ಮೂರು ತಿಂಗಳು ಅಡುಗೆಮನೆಗೆ ಕಾಲಿಡಲು ಬಿಡದ ಅತ್ತೆ. 'ಇನ್ನು ಬೆಟ್ಟ ಸಾಕು' ಅಂತ ಒಂದು ಸಲವೂ ಅನ್ನದ ನಮ್ಮ ಮನೆಯವರು. ಭಾನುವಾರದ ನಮ್ಮ ಗುಂಪಿನವರೇ, ನಿಮ್ಮ ಓಟ ಬಿಟ್ಟು ಲಾಲ್‌ಬಾಗ್ ಬಂಡೆಯ ಮೇಲೆ ಕೆಂಪೇಗೌಡರ ಗೋಪುರದವರೆಗೂ ನನ್ನ ಕುಂಟುನಡಿಗೆಗೆ ಜೊತೆ ಕೊಟ್ಟಿರಿ. ಹೇಗೆ ತೀರಿಸಲಿ?

ನಿನ್ನೆ ಮೆಟ್ಟಿಲ ಮೇಲೆ ಓಡಲಿಲ್ಲ. ಕಡಿದಾದ ಕಡೆ ಕಂಬಿ ಹಿಡಿದು, ಕೂತು ಕೂತು ಇಳಿದೆ. ಕೋತಿಯೊಂದು ಮೇಲಿಂದ ನೋಡುತ್ತಿತ್ತು, ನೋಡಿಕೊಳ್ಳಲಿ.

ಅಜ್ಜಿ ಅದೇ ಜಾಗದಲ್ಲಿದ್ದರು. ಹೊಸ ಟವೆಲ್ ಕೊಟ್ಟೆ. ಟವೆಲ್ ಪಕ್ಕಕ್ಕಿಟ್ಟು, "ಕಾಲು ತೋರ್ಸವ್ವ" ಅಂದರು. ಗಾಯದ ಗೆರೆಯನ್ನು ಹೆಬ್ಬೆರಳಿನಿಂದ ಸವರಿ, "ಒಳಕಲ್ಲಲ್ಲಿ ನೀರ್ ಸಿಕ್ತಾ?" ಅಂತ ಕೇಳಿದರು.

"ಇಲ್ಲಜ್ಜಿ, ಈ ಸಲ ಸಿಗಲಿಲ್ಲ."

"ಒಳ್ಳೇದಾಯ್ತು ಬಿಡು" ಅಂತ ಉಪ್ಪುಖಾರ ಹಚ್ಚಿದ ಸೌತೆಕಾಯಿ ಕೈಗಿಟ್ಟರು.