ನವೆಂಬರ್‌ನಿಂದ ರಷ್ಯಾ ಕೋಕ್ ಇಲ್ಲ: ನಮ್ಮ ಫೌಂಡ್ರಿ ಗ್ರಾಹಕರಿಗೆ ಪತ್ರ

ಉದ್ಯಮಬಾಗ, ಬೆಳಗಾವಿ
ಅಕ್ಟೋಬರ್ 2025

ಮಾನ್ಯ ಗ್ರಾಹಕರೇ,

ನವೆಂಬರ್ 3, ಸೋಮವಾರದಿಂದ ನಮ್ಮ ಡಿಪೋದಲ್ಲಿ ರಷ್ಯಾದ ಕೋಕ್, ಅಂದರೆ ಕಲ್ಲಿದ್ದಲನ್ನು ಗಾಳಿಯಾಡದ ಒಲೆಯಲ್ಲಿ ಸುಟ್ಟು ಮಾಡಿದ ಇಂಧನ, ಸಿಗುವುದಿಲ್ಲ. ಅಂಗಳದಲ್ಲಿ ಉಳಿದಿರುವ ರಾಶಿ ಮುಂಗಡ ಕೊಟ್ಟವರಿಗೇ ಮೀಸಲು. ಒಂದನೆಯ ತಾರೀಖಿನಿಂದಲೇ ಎನ್ನಬಹುದಿತ್ತು, ಆದರೆ ರಾಜ್ಯೋತ್ಸವದ ಮೆರವಣಿಗೆಯ ದಿನ ಊರೊಳಗೆ ಲಾರಿ ತರುವ ಧೈರ್ಯ ನಮಗಿಲ್ಲ. ಇನ್ನು ಮುಂದೆ ನಮ್ಮ ದೇಶದ ಒಲೆಗಳಲ್ಲಿ ಸುಟ್ಟ ಕೋಕ್ ಕೊಡುತ್ತೇವೆ. ಮೂರು ತಿಂಗಳಿಗೊಮ್ಮೆ ಬೆಲೆ ಕಟ್ಟಿ ಕೈತೊಳೆದುಕೊಳ್ಳುವ ಹಳೆಯ ಪದ್ಧತಿಯೂ ನಿಲ್ಲುತ್ತದೆ. ಲಾರಿ ಬಂದಂತೆ ಬೆಲೆ ಹೇಳುತ್ತೇವೆ. ತೂಕ ಮಾತ್ರ ಇನ್ನು ಜರಡಿ ಹಿಡಿದ ಮೇಲೆ. ಇದು ನಿಮ್ಮ ಪರವಾಗಿ ಮಾಡಿದ ಬದಲಾವಣೆ, ಅದರ ವಿಷಯ ಆಮೇಲೆ ಬರೆಯುತ್ತೇನೆ.

ಇಷ್ಟನ್ನು ಹೇಳಲು ಒಂದು ಚೀಟಿ ಸಾಕಿತ್ತು. ಪತ್ರ ಉದ್ದವಾಗಲು ದಸರೆ ಕಾರಣ. ಬನ್ನಿ ಕೊಡಲು ನಾಲ್ಕೈದು ಫೌಂಡ್ರಿಗಳಿಗೆ ಹೋಗಿದ್ದೆ. ಬನ್ನಿ ತೆಗೆದುಕೊಂಡು ಬಂಗಾರದಂತೆ ಇರೋಣ ಎಂದ ಬಾಯಿಯಲ್ಲೇ ಎಲ್ಲರೂ ಒಂದೇ ಪ್ರಶ್ನೆ ಕೇಳಿದರು: “ರಷ್ಯಾದವರು ಕಲ್ಲಿದ್ದಲನ್ನು ಮಣ್ಣಿನ ಬೆಲೆಗೆ ಮಾರುತ್ತಿದ್ದಾರಂತೆ, ಟಿವಿಯಲ್ಲಿ ಬಂತು. ನಿಮ್ಮ ಬೆಲೆ ಏಕೆ ಇಳಿಯಲಿಲ್ಲ?” ಒಬ್ಬರಂತೂ “ನಡುವೆ ಯಾರ ಹೊಟ್ಟೆ ತುಂಬಿತು ಸಾಹುಕಾರರೇ?” ಎಂದರು. ನಗುತ್ತಲೇ ಕೇಳಿದರು, ನಾನೂ ನಕ್ಕೆ. ಆದರೆ ಆ ರಾತ್ರಿ ಊಟ ಸೇರಲಿಲ್ಲ. 2021ರಲ್ಲಿ ಕೋಕ್ ಬೆಲೆ ಆಕಾಶಕ್ಕೆ ಹೋದಾಗ ನಾವು ಹೇಗೆ ನಡೆದುಕೊಂಡೆವು ಎಂಬುದು ಹೀಗೆ ಕೇಳಿದವರಿಗೂ ಗೊತ್ತು. ಆದ್ದರಿಂದ ನಡುವೆ ಯಾರ ಹೊಟ್ಟೆ ತುಂಬಿತು ಎಂಬುದನ್ನೇ ಬರೆಯುತ್ತೇನೆ.

ಟಿವಿಯಲ್ಲಿ ಬಂದದ್ದು ಸುಳ್ಳಲ್ಲ. ಆದರೆ ಅದು ವಿದ್ಯುತ್ ಸ್ಥಾವರದಲ್ಲಿ ಉರಿಸುವ ಕಲ್ಲಿದ್ದಲಿನ ಬೆಲೆ, ಅದೂ ರಷ್ಯಾದ ಬಂದರಿನಲ್ಲಿ ಹಡಗಿಗೆ ತುಂಬಿ ಕೊಟ್ಟಾಗಿನ ಬೆಲೆ. ನಿಮ್ಮ ಕುಪೋಲಾಕ್ಕೆ, ಅಂದರೆ ಎರಕದ ಕಬ್ಬಿಣ ಕರಗಿಸುವ ಕುಲುಮೆಗೆ, ಬೀಳುವುದು ಕೋಕ್. ಅದು ಬೇರೆ ಇದು ಬೇರೆ ಎಂದು ನಿಮಗೆ ಹೇಳಬೇಕಿಲ್ಲ. ನಿಮ್ಮ ಲೆಕ್ಕ ಬರೆಯುವ ಹುಡುಗರಿಗೆ ಹೇಳಬೇಕಾಗಿದೆ.

ರಷ್ಯಾದ ಕಲ್ಲಿದ್ದಲಿನಲ್ಲಿ ಸುಮಾರು ಅರ್ಧ ಬರುವುದು ಸೈಬೀರಿಯಾದ ಕುಜ್‌ಬಾಸ್ ಎಂಬ ಒಂದೇ ಸೀಮೆಯಿಂದ. ಕೋಕ್ ಒಲೆಗಳೂ ಆ ಕಡೆ ಇವೆ: ಕೆಮೆರೊವೊ ನಗರದಲ್ಲಿ, ಪಕ್ಕದ ಅಲ್ತಾಯ್ ಪ್ರಾಂತದ ಜರಿನ್ಸ್ಕ್‌ನಲ್ಲಿ. ಸಮುದ್ರದ ಗಾಳಿಯೂ ಸೋಕದ ಊರುಗಳು. ಅಲ್ಲಿಂದ ಪೂರ್ವಕ್ಕೆ ಹೊರಟು ವೊಸ್ತೋಚ್ನಿ, ವಾನಿನೊ ಬಂದರು ಸೇರಬೇಕೆಂದರೂ, ಪಶ್ಚಿಮಕ್ಕೆ ತಿರುಗಿ ಬಾಲ್ಟಿಕ್ ತೀರದ ಉಸ್ತ್-ಲೂಗಾಕ್ಕೆ ಹೋಗಬೇಕೆಂದರೂ ನಾಲ್ಕು ಸಾವಿರ ಕಿಲೋಮೀಟರ್ ಮೀರಿದ ರೈಲು ದಾರಿ. ಬೆಂಗಳೂರಿನಿಂದ ದೆಹಲಿಗೆ ಸುಮಾರು 2,400 ಕಿಲೋಮೀಟರ್. ಇನ್ನು ನೀವೇ ಲೆಕ್ಕ ಹಾಕಿ. ಪೇಟೆಯಲ್ಲಿ ಕಲ್ಲಿದ್ದಲಿನ ದರ ಬಿದ್ದಿತೆಂದು ರೈಲಿನ ಬಾಡಿಗೆ ಬೀಳುವುದಿಲ್ಲ. ಈ ವರ್ಷ ಜನವರಿಯಿಂದ ರಷ್ಯಾದ ರೈಲ್ವೆ ಸರಕು ದರವನ್ನು ಶೇ 13.8ರಷ್ಟು ಏರಿಸಿತು. ಮೇಲಿನಿಂದ ಬೆಲೆ ಕುಸಿಯಿತು, ಕೆಳಗಿನಿಂದ ಬಾಡಿಗೆ ಏರಿತು, ನಡುವೆ ಸಿಕ್ಕಿ ನಜ್ಜುಗುಜ್ಜಾದವರು ಗಣಿಯವರು. ಎಷ್ಟೋ ಗಣಿಗಳು ಕೆಲಸ ನಿಲ್ಲಿಸಿವೆ. ಟಿವಿಯವರು ‘ಅಗ್ಗ’ ಎಂದದ್ದು ಇದನ್ನು. ಅಗ್ಗ ಹೌದು, ಆದರೆ ನಷ್ಟಕ್ಕೆ ಮಾರುವವನ ಅಗ್ಗ. ಅವನು ಎಷ್ಟು ದಿನ ಮಾಲು ಕಳಿಸುತ್ತಾನೆ ಎಂದು ನಂಬಿ ನಾನು ನಿಮಗೆ ಮೂರು ತಿಂಗಳ ಬೆಲೆ ಬರೆದುಕೊಡಲಿ?

ಕೋಕ್‌ನ ಪಾಡು ಇನ್ನೂ ಕಷ್ಟ. ಚುರುಮುರಿ ಚೀಲ ಹೇರಿದ ಟೆಂಪೋ ನೋಡಿದ್ದೀರಿ: ಗಾಡಿ ತುಂಬಿ ಮೇಲೆ ಹಗ್ಗ ಬಿಗಿದಿರುತ್ತದೆ, ತೂಗಿದರೆ ಏನೂ ಇಲ್ಲ. ಕೋಕ್ ಹಾಗೆಯೇ. ಕಲ್ಲಿದ್ದಲಾದರೆ ಎಪ್ಪತ್ತು ಟನ್ ಹಿಡಿಯುವ ವ್ಯಾಗನ್‌ನಲ್ಲಿ ಕೋಕ್ ಅಂಚಿನವರೆಗೆ ತುಂಬಿದರೂ ನಲವತ್ತೈದು ಟನ್ ದಾಟುವುದು ಕಷ್ಟ. ಹಡಗಿನಲ್ಲೂ ಅದೇ ಕಥೆ. ಭಾರ ತಾಳುವ ಶಕ್ತಿ ಇನ್ನೂ ಬಾಕಿ ಇರುವಾಗಲೇ ಒಳಗಿನ ಜಾಗ ಮುಗಿದುಹೋಗುತ್ತದೆ. ಖಾಲಿ ಉಳಿದ ಶಕ್ತಿಗೂ ಬಾಡಿಗೆ ಬೇಕಲ್ಲ, ಹಡಗಿನವರು ಅದನ್ನು ತುಂಬಿದ ಟನ್‌ಗಳ ಮೇಲೆಯೇ ಹಾಕುತ್ತಾರೆ. ಕಲ್ಲಿದ್ದಲಿನ ಬಾಡಿಗೆ ನೋಡಿ ಕೋಕ್‌ನ ಬಾಡಿಗೆ ಊಹಿಸಿದವರು ಇಲ್ಲಿಯೇ ತಪ್ಪುವುದು.

ದಾರಿಯಾದರೂ ಸುಸೂತ್ರವೇ? 2022ರ ಆಗಸ್ಟ್ 10ರಿಂದ ಐರೋಪ್ಯ ಒಕ್ಕೂಟ ರಷ್ಯಾದ ಕಲ್ಲಿದ್ದಲನ್ನು ಪೂರ್ತಿ ನಿಲ್ಲಿಸಿತು. ಅದಕ್ಕೂ ಮೊದಲು ಅವರು ಆಮದು ಮಾಡುತ್ತಿದ್ದ ಕಲ್ಲಿದ್ದಲಿನಲ್ಲಿ ಅರ್ಧಕ್ಕೆ ಹತ್ತಿರ ರಷ್ಯಾದ್ದೇ. ಅಷ್ಟೂ ಮಾಲು ಚೀನಾ, ಭಾರತ, ಟರ್ಕಿಗಳ ಕಡೆ ಮುಖ ಮಾಡಿತು. ಪೂರ್ವದ ಬಂದರುಗಳಿಗೆ ಇರುವುದು ಎರಡೇ ರೈಲು ಮಾರ್ಗ, ಟ್ರಾನ್ಸ್-ಸೈಬೀರಿಯನ್ ಮತ್ತು ಬೈಕಲ್-ಅಮೂರ್. ಎರಡೂ ಸೇರಿ 2023ರಲ್ಲಿ ವರ್ಷಕ್ಕೆ 173 ದಶಲಕ್ಷ ಟನ್ ಒಯ್ಯುವ ಶಕ್ತಿ. ಅದರಲ್ಲಿ ಕಂಟೇನರ್, ಎಣ್ಣೆ, ಮರ ಎಲ್ಲಕ್ಕೂ ಪಾಲು. ಪಶ್ಚಿಮದ ಬಂದರಿನಿಂದ ಬರೋಣವೆಂದರೆ 2023ರ ನವೆಂಬರ್‌ನಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ಯೆಮೆನ್‌ನ ಹೂಥಿ ಬಂಡುಕೋರರ ದಾಳಿ. ಸೂಯೆಜ್ ಬಿಟ್ಟು ಆಫ್ರಿಕಾ ಸುತ್ತಿ ಬಂದರೆ ಹತ್ತು ಹದಿನಾಲ್ಕು ದಿನ ಹೆಚ್ಚು, ಸೂಯೆಜ್‌ನಲ್ಲೇ ಬಂದರೆ ವಿಮೆ ಹೆಚ್ಚು. ಇದರ ಜೊತೆಗೆ ರಷ್ಯಾ ಸರ್ಕಾರ 2023ರ ಅಕ್ಟೋಬರ್ 1ರಿಂದ ರೂಬಲ್ ದರಕ್ಕೆ ಗಂಟುಹಾಕಿ ಶೇ 4ರಿಂದ 7ರವರೆಗೆ ರಫ್ತು ಸುಂಕ ಹೇರಿತು. ಕಲ್ಲಿದ್ದಲಿನ ಮೇಲೆ ಅದನ್ನು ತೆಗೆಯುವುದು, ಮತ್ತೆ ಹಾಕುವುದು ನಡೆದೇ ಇತ್ತು.

ದುಡ್ಡು ಕಳಿಸುವ ಪ್ರಸಂಗ ಬರೆದರೆ ಇನ್ನೊಂದು ಪತ್ರವಾಗುತ್ತದೆ. 2024ರ ಫೆಬ್ರವರಿಯಲ್ಲಿ ಅಮೆರಿಕ ಮೆಚೆಲ್, ಸುಯೆಕ್‌ನಂತಹ ದೊಡ್ಡ ಕಲ್ಲಿದ್ದಲು ಕಂಪನಿಗಳನ್ನೇ ನಿರ್ಬಂಧದ ಪಟ್ಟಿಗೆ ಸೇರಿಸಿತು. ಅಂದಿನಿಂದ ಬ್ಯಾಂಕಿನವರು ಪ್ರತಿ ಕಾಗದವನ್ನೂ ದೀಪಕ್ಕೆ ಹಿಡಿದು ನೋಡುತ್ತಾರೆ. ನಾವೇನು ಹಡಗು ತರಿಸುವವರಲ್ಲ. ಆಮದುದಾರರಿಂದ ಬಂದರಿನಲ್ಲಿ ನಾಲ್ಕು ನೂರು, ಐದು ನೂರು ಟನ್ ಎತ್ತುವವರು. ಆದರೂ ಒಮ್ಮೆ ಅವರ ಹಣ ಬ್ಯಾಂಕಿನಲ್ಲಿ ಸಿಕ್ಕಿಕೊಂಡಾಗ ನಮ್ಮ ಮುಂಗಡವೂ ಏಳು ವಾರ ಸಿಕ್ಕಿಕೊಂಡಿತು. ಆ ಏಳು ವಾರದ ಬಡ್ಡಿಯನ್ನು ನಿಮ್ಮ ಯಾರ ಬಿಲ್ಲಿನಲ್ಲೂ ಹಾಕಲಿಲ್ಲ. ಹೇಳಿಕೊಳ್ಳಬಾರದೆಂದಿದ್ದೆ, ಬರೆದುಬಿಟ್ಟೆ.

ಇಷ್ಟಾದರೂ ತರುತ್ತಿದ್ದೆವು. ಬಾಗಿಲು ಕಿರಿದಾದದ್ದು ನಮ್ಮ ಕಡೆಯಿಂದ. 2025ರ ಜನವರಿ 1ರಿಂದ ಕೇಂದ್ರ ಸರ್ಕಾರ, ಬೂದಿ ಶೇ 18ಕ್ಕಿಂತ ಕಡಿಮೆ ಇರುವ ಕೋಕ್‌ಗೆ ದೇಶವಾರು ಮಿತಿ ಹಾಕಿತು. ಇಂತಿಂಥ ದೇಶದಿಂದ ಇಷ್ಟೇ ಟನ್, ಅದಕ್ಕೂ ಮೊದಲೇ ಅರ್ಜಿ ಹಾಕಿ ಪರವಾನಗಿ ಪಡೆಯಬೇಕು. ಜೂನ್‌ಗೆ ಮುಗಿಯುತ್ತದೆ ಎಂದುಕೊಂಡೆವು, ಡಿಸೆಂಬರ್‌ವರೆಗೆ ಮುಂದುವರಿಸಿದರು. ಅತ್ತ ಸುರಿಮಾರಾಟದ, ಅಂದರೆ ಹೊರದೇಶದವರು ತೀರಾ ಅಗ್ಗಕ್ಕೆ ಇಲ್ಲಿ ಮಾಲು ಸುರಿಯುವುದರ, ತನಿಖೆಯೂ ನಡೆದಿದೆ, ಆರು ದೇಶಗಳ ಪಟ್ಟಿಯಲ್ಲಿ ರಷ್ಯಾವೂ ಇದೆ. ಇಲ್ಲಿನ ಕೋಕ್ ಒಲೆಗಳು ಉಳಿಯಬೇಕು ಎಂಬುದಕ್ಕೆ ನನ್ನ ತಕರಾರಿಲ್ಲ. ಆದರೆ ದೊಡ್ಡ ಉಕ್ಕಿನ ಕಾರ್ಖಾನೆಗೆ ತನ್ನದೇ ಒಲೆ ಇರುತ್ತದೆ, ವಾರಕ್ಕೆರಡು ಸಲ ಎರಕ ಹೊಯ್ಯುವ ನಮ್ಮ ಫೌಂಡ್ರಿಗೆ ಏನಿದೆ? ಮಿತಿಯೊಳಗೆ ಬಂದ ಸ್ವಲ್ಪ ಮಾಲಿಗೆ ದೊಡ್ಡವರು ಮೊದಲೇ ಟವೆಲ್ ಹಾಸಿರುತ್ತಾರೆ. ಸೆಪ್ಟೆಂಬರ್‌ನಲ್ಲಿ ನಮಗೆ ಕೊಟ್ಟ ಮಾತಿನ ಮಾಲಿನಲ್ಲಿ ಮೂರನೇ ಒಂದು ಪಾಲೂ ಬರಲಿಲ್ಲ. ಆಗಲೇ ಕೈಬಿಡುವ ನಿರ್ಧಾರ ಮಾಡಿದೆವು.

ಈಗ ಕೋಕ್ ಒಡೆದು ಆಗುವ ನುಚ್ಚಿನ ವಿಷಯ, ತೂಕದ ಪದ್ಧತಿ ಬದಲಿಸಿದ್ದು ಇದಕ್ಕೇ. ಇದರಲ್ಲಿ ಅರ್ಧ ತಪ್ಪು ನಮ್ಮದು.

ಒಂದು ಸಂಜೆ ಕುಳಿತು, ಒಂದು ಕೋಕ್ ಗಟ್ಟಿ ಒಲೆಯಿಂದ ನಿಮ್ಮ ಕುಪೋಲಾದ ಬಾಯಿಗೆ ಬರುವಷ್ಟರಲ್ಲಿ ಎಷ್ಟು ಸಲ ಬೀಳುತ್ತದೆ ಎಂದು ಬೆರಳು ಮಡಚಿ ಎಣಿಸಿದೆ. ಒಲೆಯಿಂದ ಕೆಂಪಗೆ ಬಂಡಿಗೆ, ನೀರು ಹೊಯ್ದ ಮೇಲೆ ಇಳಿಜಾರಿಗೆ, ಅಲ್ಲಿಂದ ಜರಡಿಗೆ, ಜರಡಿಯಿಂದ ವ್ಯಾಗನ್‌ಗೆ. ಸೈಬೀರಿಯಾದ ಚಳಿಗೆ ಒದ್ದೆ ಮಾಲು ವ್ಯಾಗನ್‌ನಲ್ಲೇ ಹೆಪ್ಪುಗಟ್ಟುತ್ತದೆ. ಬಂದರಿನಲ್ಲಿ ವ್ಯಾಗನ್‌ಗಳನ್ನು ಸಾಲಾಗಿ ಬಿಸಿ ಮಾಡುವ ಕೊಟ್ಟಿಗೆಯೊಳಗೆ ನಿಲ್ಲಿಸಿ, ಅಂಚು ಬಿಟ್ಟುಕೊಂಡ ಮೇಲೆ ಯಂತ್ರ ಇಡೀ ವ್ಯಾಗನ್ನನ್ನು ಹಿಡಿದು ತಲೆಕೆಳಗು ಮಾಡುತ್ತದೆ. ಅಚ್ಚಿನಿಂದ ಬೆಲ್ಲದ ಪೆಂಟೆ ಬಡಿದು ಬೀಳಿಸಿದ ಹಾಗೆ. ಅಲ್ಲಿಂದ ರಾಶಿಗೆ, ರಾಶಿಯಿಂದ ಹಡಗಿನ ಹೊಟ್ಟೆಗೆ, ಗೋವಾದ ಬಂದರಿನಲ್ಲಿ ಕ್ರೇನಿನ ಬಾಯಿಯಿಂದ ಕಟ್ಟೆಗೆ, ಕಟ್ಟೆಯಿಂದ ಲಾರಿಗೆ, ಅನಮೋಡ ಘಾಟಿಯ ಕುಲುಕಾಟ ಮುಗಿಸಿ ನಮ್ಮ ಅಂಗಳಕ್ಕೆ, ನಮ್ಮ ಜರಡಿಗೆ, ನಿಮ್ಮ ಲಾರಿಗೆ, ನಿಮ್ಮ ನೆಲಕ್ಕೆ. ಹದಿಮೂರು ಸಲ. ಹಪ್ಪಳವಾಗಿದ್ದರೆ ಏನೂ ಉಳಿಯುತ್ತಿರಲಿಲ್ಲ.

ಆದರೆ ನಮ್ಮ ಜರಡಿ ಇರುವುದೇ ಇದಕ್ಕಾಗಿ, ಅಲ್ಲವೇ? ಜುಲೈಯಲ್ಲಿ ಅದರ ಮೋಟಾರು ಸುಟ್ಟು ಒಂಬತ್ತು ದಿನ ನಿಂತಿತು. ಆ ದಿನಗಳಲ್ಲಿ ಆರು ಲಾರಿ ಮಾಲನ್ನು ಹಾಗೆಯೇ ಕಳಿಸಿದೆವು, ಹೇಳದೆ ಕಳಿಸಿದೆವು. ಮಳೆಯಲ್ಲಿ ಒದ್ದೆಯಾದ ನುಚ್ಚಿಗೂ ನೀವು ಕೋಕ್‌ನ ದುಡ್ಡು ಕೊಟ್ಟಿರಿ. ಇದು ತಪ್ಪು, ಕ್ಷಮೆ ಕೇಳುತ್ತೇನೆ. ಆ ಆರು ಲಾರಿಗಳ ಬಿಲ್ಲು ತೆಗೆದಿಟ್ಟಿದ್ದೇವೆ. ಪ್ರತಿ ಬಿಲ್ಲಿನ ಮೇಲೂ ಟನ್‌ಗೆ ಐವತ್ತು ಕಿಲೋ ಲೆಕ್ಕದಲ್ಲಿ ಮುಂದಿನ ಖರೀದಿಯಲ್ಲಿ ಕಳೆಯುತ್ತೇವೆ. ನೀವು ಕೇಳಬೇಕಾಗಿಲ್ಲ. ಇನ್ನು ಮುಂದೆ ವೇಬ್ರಿಡ್ಜ್ ಚೀಟಿ ಜರಡಿ ದಾಟಿದ ಮಾಲಿನದೇ. ನುಚ್ಚು ನಮ್ಮಲ್ಲಿಯೇ ಉಳಿಯುತ್ತದೆ, ಅದರ ನಷ್ಟವೂ ನಮ್ಮದೇ.

ಹಿಂದಿನ ವರ್ಷ ಒಬ್ಬ ಹಿರಿಯರು ಕೋಕ್‌ನಲ್ಲಿ ಸಿಕ್ಕ ಬೋಲ್ಟ್ ಒಂದನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಹೆಬ್ಬೆರಳಿನ ಗಾತ್ರ, ತುಕ್ಕು ಹಿಡಿದದ್ದು. ರಷ್ಯಾದ ದೊಡ್ಡ ಬಂದರುಗಳಲ್ಲಿ ಅಯಸ್ಕಾಂತದಿಂದ ಕಬ್ಬಿಣ ಆರಿಸುತ್ತಾರೆ, ಆದರೂ ಇದು ಎಲ್ಲೋ ತಪ್ಪಿಸಿಕೊಂಡು ಬಂದಿತ್ತು. ಅದು ಸೈಬೀರಿಯಾದ್ದೋ ನಮ್ಮ ಲಾರಿಯದ್ದೋ ಎಂದು ಇವತ್ತಿಗೂ ತೀರ್ಮಾನವಾಗಿಲ್ಲ. ಕಾಗದ ಹಾರದಂತೆ ಅದನ್ನೇ ಇಡುತ್ತೇನೆ; ಈ ಪತ್ರದ ಕರಡಿನ ಮೇಲೂ ಈಗ ಅದೇ ಇದೆ.

ಹೊಸ ಮಾಲಿನ ಬಗ್ಗೆ ಸುಳ್ಳು ಭರವಸೆ ಕೊಡುವುದಿಲ್ಲ. ಬೂದಿ ಸ್ವಲ್ಪ ಹೆಚ್ಚಿರಬಹುದು, ಲಾರಿಯಿಂದ ಲಾರಿಗೆ ವ್ಯತ್ಯಾಸವೂ ಇರುತ್ತದೆ. ಪ್ರತಿ ಲಾರಿಯ ಜೊತೆ ಬೂದಿ, ತೇವಾಂಶದ ಪರೀಕ್ಷಾ ಚೀಟಿ ಕೊಡುತ್ತೇವೆ. ಮೊದಲ ಒಂದೆರಡು ಎರಕಕ್ಕೆ ಸುಣ್ಣದ ಕಲ್ಲನ್ನು ತುಸು ಹೆಚ್ಚಿಸಿ, ಕರಗಿದ ಕಬ್ಬಿಣದ ಮೇಲೆ ತೇಲುವ ಕಿಟ್ಟದ ಬಣ್ಣ ನೋಡಿ ಹೊಂದಿಸಿಕೊಳ್ಳಿ. ಗಾತ್ರದಲ್ಲಿ ಮಾತ್ರ ನಿಮಗೆ ಲಾಭ. ಕೋಕ್‌ನ ಒಂದೊಂದು ಗಟ್ಟಿಯೂ ಕುಪೋಲಾದ ಒಳವ್ಯಾಸದ ಹತ್ತನೇ ಒಂದು ಪಾಲಿನಷ್ಟು ದೊಡ್ಡದಿರಬೇಕೆಂದು ನಿಮ್ಮ ಹಿರಿಯ ಮೇಸ್ತ್ರಿಗಳು ಹೇಳುತ್ತಿದ್ದರಲ್ಲ, ಆ ಅಳತೆಗೆ ಆರಿಸಿ ಕೊಡುವುದು ಹತ್ತಿರದ ಮಾಲಿನಲ್ಲಿ ಸುಲಭ. ಬೀಳುವ ಲೆಕ್ಕವೂ ಹದಿಮೂರರಿಂದ ಎಂಟಕ್ಕೆ ಇಳಿಯುತ್ತದೆ.

ರಷ್ಯಾದ್ದೇ ಬೇಕು ಎಂದು ಹಟ ಹಿಡಿದವರಿಗೆ ಒಂದು ಮಾತು. 2021ರ ಅಕ್ಟೋಬರ್‌ನಲ್ಲಿ ಭಾರತ, ರಷ್ಯಾ ಎರಡೂ ಕೋಕಿಂಗ್ ಕಲ್ಲಿದ್ದಲಿಗಾಗಿ, ಅಂದರೆ ಕೋಕ್ ಮಾಡಲು ಬಳಸುವ ಕಲ್ಲಿದ್ದಲಿಗಾಗಿ, ಒಪ್ಪಂದಕ್ಕೆ ಸಹಿ ಹಾಕಿದವು, ಆ ಕಲ್ಲಿದ್ದಲು ಈಗಲೂ ಬರುತ್ತಿದೆ. ಮಿತಿ ಹಾಕಿದ್ದು ಸುಟ್ಟ ಕೋಕ್‌ಗೆ. ಇಲ್ಲಿನ ಒಲೆಯವರು ನಾಲ್ಕಾರು ದೇಶದ ಕಲ್ಲಿದ್ದಲು ಬೆರೆಸಿ ಸುಡುತ್ತಾರೆ. ಹಾಗಾಗಿ ನಿಮ್ಮ ಕುಪೋಲಾದಲ್ಲಿ ಕುಜ್‌ಬಾಸ್‌ನ ಚೂರು ಆಗಲೂ ಉರಿಯುತ್ತಿದ್ದರೆ ಆಶ್ಚರ್ಯವಿಲ್ಲ.

ಬೆಲೆಪಟ್ಟಿ ಇದರ ಹಿಂಬದಿಯಲ್ಲಿದೆ. ಹಳೆಯ ದರಕ್ಕೆ ಮುಂಗಡ ಕೊಟ್ಟವರು ಹೊಸ ಮಾಲು ಬೇಡವೆಂದರೆ ಅಷ್ಟೂ ಹಣ ಅದೇ ದಿನ ವಾಪಸು. ನನ್ನ ಖರೀದಿ ಬಿಲ್ಲು, ಬಂದರಿನ ಚೀಟಿ, ಲಾರಿ ಬಾಡಿಗೆಯ ರಸೀದಿ ಎಲ್ಲವೂ ಕಪಾಟಿನಲ್ಲಿವೆ; ನಡುವೆ ಯಾರ ಹೊಟ್ಟೆ ತುಂಬಿತು ಎಂದು ಕೇಳಿದವರು ದಯವಿಟ್ಟು ಮೊದಲು ಬನ್ನಿ. ಬೆಳಿಗ್ಗೆ ಹತ್ತರೊಳಗೆ ಬಂದರೆ ಜರಡಿ ನಡೆಯುವುದನ್ನೂ ನೋಡಬಹುದು. ಬಿಳಿ ಅಂಗಿ ಮಾತ್ರ ಬೇಡ.

ನಿಮ್ಮವ,
ಡಿಪೋ ಪರವಾಗಿ