ಹಾಲಿನ ಬಟವಾಡೆಯಲ್ಲಿ 600 ರೂಪಾಯಿ ಹಿಡಿದುಕೊಂಡವರಿಗೆ

ಹಾರ್ಟ್ ಆಪರೇಷನ್ ಆಗಿ ಮನೆಯಲ್ಲಿದ್ದ ನಮ್ಮನೆಯವರು ಮೊನ್ನೆ ಸೋಮವಾರ ಮತ್ತೆ ಡ್ಯೂಟಿಗೆ ಹೋದರು. ಬೆಳಿಗ್ಗೆ ಐದೂವರೆಗೆ ಕಂಪನಿ ಬಸ್ಸು ನಮ್ಮೂರ ಗೇಟಿನ ಹತ್ತಿರ ನಿಲ್ಲುತ್ತದೆ. ನಾಲ್ಕು ತಿಂಗಳಿಂದ ಆ ಬಸ್ಸಿನ ಹಾರ್ನ್ ಕೇಳಿದರೆ ನಾನು ಒಳಗೆ ಹೋಗಿಬಿಡುತ್ತಿದ್ದೆ. ಮೊನ್ನೆ ಗೇಟಿನವರೆಗೂ ಜೊತೆಗೆ ನಡೆದುಕೊಂಡು ಹೋದೆ. ಊಟದ ಬ್ಯಾಗು ನಾನೇ ಹಿಡಿದಿದ್ದೆ, ಭಾರ ಎತ್ತಬೇಡಿ ಅಂತ ಡಾಕ್ಟರು ಹೇಳಿದ್ದಾರೆ. ಬಸ್ಸು ಹತ್ತಿಸಿ ಬರುವಾಗ ಆ ಕಷ್ಟದಲ್ಲಿ ನಮ್ಮ ಕೈಹಿಡಿದ ಒಬ್ಬೊಬ್ಬರ ಮುಖವೂ ನೆನಪಾಯಿತು. ಎಲ್ಲರಿಗೂ ಮನೆಗೆ ಹೋಗಿ ಹೇಳೋಣ ಅಂದರೆ ಮಾತು ಬರಲ್ಲ, ಕಣ್ಣಲ್ಲಿ ನೀರು ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಒಂದು ಸಣ್ಣ ಊರು. ಎರಡು ಸೀಮೆ ಹಸು, ಒಂದೂವರೆ ಎಕರೆ ರಾಗಿ ಹೊಲ. ನಮ್ಮನೆಯವರು ನರಸಾಪುರದ ಕಡೆ ಒಂದು ಫ್ಯಾಕ್ಟರಿಯಲ್ಲಿ ಕಂಟ್ರಾಕ್ಟರ್ ಕೈಕೆಳಗೆ ಕೆಲಸ ಮಾಡುತ್ತಾರೆ. ಮಗಳು ಪಿಯುಸಿ, ಮಗ ಎಂಟನೇ ಕ್ಲಾಸು. ಅತ್ತೆ ನಮ್ಮ ಜೊತೆಗೇ ಇದ್ದಾರೆ. ಹಾಲಿನ ಪಾಸ್ ಪುಸ್ತಕ ಇವತ್ತಿಗೂ ಅತ್ತೆಯ ಹೆಸರಲ್ಲೇ ಇದೆ. ಡೈರಿಯಲ್ಲಿ ಷೇರು ಅವರದು, ಸದಸ್ಯರು ಅವರು. ಹಾಲು ಕರೆಯುವುದು, ಕೊಂಡೊಯ್ದು ಹಾಕುವುದು ನಾನು.

ಕಾಯಿಲೆ ಕಾಣಿಸಿದ ದಿನ ನಮ್ಮನೆಯವರು ಹಸಿ ಹುಲ್ಲಿನ ಹೊರೆ ಹೊತ್ತು ಬಂದು ಕೊಟ್ಟಿಗೆ ಬಾಗಿಲಲ್ಲೇ ಕೂತುಬಿಟ್ಟರು. ಎದೆ ಮೇಲೆ ಯಾರೋ ಕಲ್ಲಿಟ್ಟ ಹಾಗಿದೆ ಅಂದರು. ಗ್ಯಾಸ್ ಇರಬೇಕು ಅಂದುಕೊಂಡು ಜೀರಿಗೆ ನೀರು ಕೊಟ್ಟೆ. ನಮ್ಮ ಮಗಳು ಮಾತ್ರ ಸುಮ್ನೆ ಇರಲಿಲ್ಲ. ಪಕ್ಕದ ಮನೆಯ ಆಟೋ ಕರೆದುಕೊಂಡು ಬಂದಳು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದರು. ಅಪ್ಪು ಹೆಸರಲ್ಲಿ ಸರ್ಕಾರ ಮಾಡಿರುವ ಹೃದಯ ಜ್ಯೋತಿ ಯೋಜನೆಯಲ್ಲಿ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ಡಾಕ್ಟರಿಗೆ ಅಲ್ಲಿಂದಲೇ ಕಳಿಸಿ ಕೇಳುತ್ತಾರೆ ಅಂತ ಆವತ್ತೇ ಗೊತ್ತಾಗಿದ್ದು. ಹಾರ್ಟ್ ಅಟ್ಯಾಕ್ ಆಗಿಲ್ಲ, ಆದರೆ ಬಿಡಬೇಡಿ, ಆಂಜಿಯೋಗ್ರಾಮ್ ಮಾಡಿಸಿ ಅಂದರು. ಆ ಡ್ಯೂಟಿ ಡಾಕ್ಟರಮ್ಮ, ನನ್ನ ಮಗಳ ವಯಸ್ಸಿಗಿಂತ ಒಂದೆಂಟು ವರ್ಷ ದೊಡ್ಡವರು ಇರಬಹುದು. ನಾನು 'ಹಬ್ಬ ಮುಗಿಸಿಕೊಂಡು ಹೋಗ್ತೀವಿ ಮೇಡಂ' ಅಂದಾಗ ಕೈ ಹಿಡಿದುಕೊಂಡು 'ಬೇಡಮ್ಮ, ನಾಳೆನೇ ಹೋಗಿ' ಅಂದರು. ಮೊದಲ ನಮಸ್ಕಾರ ಅವರಿಗೆ.

ಆಂಜಿಯೋಗ್ರಾಮ್‌ನಲ್ಲಿ ಮೂರು ಕಡೆ ಬ್ಲಾಕ್ ಬಂತು. ಸ್ಟೆಂಟ್ ಆಗಲ್ಲ, ಬೈಪಾಸ್ ಆಗಬೇಕು ಅಂದರು. ನಾವು ಮೊದಲು ಹೋದ ಆಸ್ಪತ್ರೆಯಲ್ಲಿ ಖರ್ಚು ಮೂರು ಲಕ್ಷದ ಮೇಲೆ ಹೇಳಿದರು. ಅಡ್ವಾನ್ಸ್ ಕಟ್ಟಿ, ಆಮೇಲೆ ಮಾತಾಡೋಣ ಅಂದರು. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಲೆಕ್ಕ ಹಾಕಿದೆ. ಎರಡು ಹಸು ಮಾರಿದರೆ ಎಷ್ಟು, ಕಿವಿಯೋಲೆ ಎಷ್ಟು, ಸ್ತ್ರೀಶಕ್ತಿ ಸಂಘದಲ್ಲಿ ಎಷ್ಟು ಸಾಲ ಸಿಗಬಹುದು. ಎಲ್ಲ ಸೇರಿದರೂ ಅರ್ಧಕ್ಕೂ ಬರಲಿಲ್ಲ.

ಇಲ್ಲಿ ಒಂದು ವಿಷಯ ಹೇಳಲೇಬೇಕು, ಯಾಕೆಂದರೆ ನಮ್ಮ ಹಾಗೆ ನಡುವೆ ಸಿಕ್ಕಿಕೊಂಡವರು ನಮ್ಮ ಜಿಲ್ಲೆಯಲ್ಲಿ ತುಂಬಾ ಜನ ಇದ್ದಾರೆ. ನಮ್ಮನೆಯವರಿಗೆ ಮೊದಲು ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆ ಇತ್ತು. ಸಂಬಳದಲ್ಲಿ ನೂರಕ್ಕೆ 75 ಪೈಸೆ ಹಿಡಿಯುತ್ತಿದ್ದರು, ಮಾಲೀಕರದು ಮೂರೂಕಾಲು ರೂಪಾಯಿ. 2017ರ ಜನವರಿಯಲ್ಲಿ ಇಎಸ್‌ಐ ಸಂಬಳದ ಮಿತಿಯನ್ನು 15,000ದಿಂದ 21,000ಕ್ಕೆ ಏರಿಸಿದರು. ನಮಗೆ ಕಾರ್ಡ್ ಸಿಕ್ಕಿದ್ದೇ ಅದರ ನಂತರ. ಮಗನ ಕೈ ಮುರಿದಾಗ ಅದರಲ್ಲೇ ನೋಡಿಸಿದ್ದೆವು. ಆಮೇಲೆ ಸಂಬಳ ಸ್ವಲ್ಪ ಸ್ವಲ್ಪವೇ ಏರಿತು. ಮಿತಿ ಮಾತ್ರ ಅಲ್ಲೇ ಇತ್ತು. ಸಂಬಳ 21,500 ಆದ ವರ್ಷ ನಾವು ಮನೆಯಲ್ಲಿ ಹೋಳಿಗೆ ಮಾಡಿದ್ದೆವು. ಆ 500 ರೂಪಾಯಿಯಿಂದ ನಮ್ಮ ಇಎಸ್‌ಐ ಹೋಗುತ್ತದೆ ಅಂತ ನಮಗೆ ಯಾರೂ ಹೇಳಲಿಲ್ಲ. ಅದರ ಬದಲಿಗೆ ಕಂಟ್ರಾಕ್ಟರ್ ಬೇರೆ ವಿಮೆಯನ್ನೂ ಮಾಡಿಸಲಿಲ್ಲ.

ರೇಷನ್ ಕಾರ್ಡ್ ನಮ್ಮದು ಎಪಿಎಲ್. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೂ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ನೂರಕ್ಕೆ 30 ಭಾಗ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಒಳಗೆ. ಉಳಿದ 70 ನಾವೇ ಕಟ್ಟಬೇಕು. ಅಲ್ಲಿ ಸಂಬಳ ಜಾಸ್ತಿ ಆಯಿತು, ಇಲ್ಲಿ ಬಡತನ ಕಡಿಮೆ ಆಯಿತು. ಆಪರೇಷನ್ ದುಡ್ಡು ಮಾತ್ರ ಎಲ್ಲಿಂದಲೂ ಇಲ್ಲ.

ಮೆಟ್ಟಿಲ ಮೇಲೆ ಕೂತಿದ್ದಾಗ ಅತ್ತೆ ಫೋನ್ ಮಾಡಿದರು. 'ಡೈರಿಯವರು ಕೊಟ್ಟಿದ್ರಲ್ಲ, ಆ ಕಾರ್ಡು. ಅಕ್ಕಿ ಡಬ್ಬದ ಕೆಳಗೆ ಇಟ್ಟಿದೀನಿ. ಅದು ಆಗುತ್ತಾ ಕೇಳಮ್ಮ' ಅಂದರು.

ಅದು ಯಶಸ್ವಿನಿ ಕಾರ್ಡು, ಡೈರಿಯಂಥ ಸಹಕಾರ ಸಂಘದ ಸದಸ್ಯರಿಗೆ ಇರುವ ಸರ್ಕಾರದ ಆರೋಗ್ಯ ಯೋಜನೆಯದು. ನಾನು ಅದನ್ನು ಮರೆತೇಬಿಟ್ಟಿದ್ದೆ. ಯಾಕೆ ಮರೆತೆ ಅಂದರೆ ಅದನ್ನು ನಾನು ಮನಸ್ಸಿನಿಂದ ಮಾಡಿಸಿರಲಿಲ್ಲ. ನೋಂದಣಿ ನಡೆಯುತ್ತಿದ್ದಾಗ ನಮ್ಮ ಡೈರಿ ಸೆಕ್ರೆಟರಿ ಅಣ್ಣ ದಿನಾ ಬೆಳಿಗ್ಗೆ ಹಾಲು ಅಳೆಯುವಾಗಲೇ ಕೇಳುತ್ತಿದ್ದರು. ಹಳ್ಳಿಯಲ್ಲಿ ನಾಲ್ಕು ಜನರ ಕುಟುಂಬಕ್ಕೆ 500, ಅದರ ಮೇಲೆ ಒಬ್ಬರಿಗೆ 100. ನಾವು ಐದು ಜನ, 600 ಆಗುತ್ತದೆ. 'ಈ ಸಲ ಬೇಡ ಅಣ್ಣ, ಬೂಸ ತರಬೇಕು' ಅಂತ ನಾನು ಮೂರು ದಿನ ಹೇಳಿದೆ. ನಾಲ್ಕನೇ ದಿನ ಅವರು ಕೇಳಲೇ ಇಲ್ಲ. 'ಎರಡು ಬಟವಾಡೆಯಲ್ಲಿ ಮುನ್ನೂರು ಮುನ್ನೂರು ಹಿಡ್ಕೋತೀನಮ್ಮ. ಫೋಟೋ, ಆಧಾರ್ ತಂದುಕೊಡು, ಸಾಕು' ಅಂದರು. ನನಗೆ ಸಿಟ್ಟು ಬಂದಿತ್ತು. ಮನೆಗೆ ಬಂದು ಅತ್ತೆಯ ಹತ್ತಿರ ಅಂದೂಬಿಟ್ಟೆ, ನಮ್ಮ ಹಾಲಿನ ದುಡ್ಡು ಇವರೇ ಖರ್ಚು ಮಾಡ್ತಾರೆ ಅಂತ. ಅತ್ತೆ ಏನೂ ಮಾತಾಡದೆ ಟ್ರಂಕಿನಿಂದ ಫೋಟೋಗಳನ್ನು ತೆಗೆದುಕೊಟ್ಟರು.

ಅವರು ಯಾಕೆ ಹಾಗೆ ಕೊಟ್ಟರು ಅಂತ ಆಮೇಲೆ ತಿಳಿಯಿತು. ಯಶಸ್ವಿನಿ ಮೊದಲು ಶುರುವಾಗಿದ್ದು 2003ರಲ್ಲಿ, ಸಹಕಾರ ಸಂಘಗಳ ರೈತರಿಗೆ ಅಂತ. ಆಗ ಒಬ್ಬರಿಗೆ ವರ್ಷಕ್ಕೆ 60 ರೂಪಾಯಿ, ಅಂದರೆ ತಿಂಗಳಿಗೆ 5 ರೂಪಾಯಿ. ನಮ್ಮ ಮಾವನವರ ಹರ್ನಿಯಾ ಆಪರೇಷನ್ ಅದರಲ್ಲೇ ಆಗಿತ್ತಂತೆ. ನಾನಿನ್ನೂ ಈ ಮನೆಗೆ ಸೊಸೆಯಾಗಿ ಬಂದಿರಲಿಲ್ಲ. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕದಲ್ಲಿ ಸೇರಿಸಿ ನಿಲ್ಲಿಸಿದರು. 2022ರಲ್ಲಿ ಮತ್ತೆ ನೋಂದಣಿ ಶುರುವಾಯಿತು, 2023ರ ಜನವರಿಯಿಂದ ಚಿಕಿತ್ಸೆ. ಈಗ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಸದಸ್ಯರ ಮಗ, ಸೊಸೆ, ಮೊಮ್ಮಕ್ಕಳೂ ಸೇರುತ್ತಾರೆ. ಅತ್ತೆ ಎಂದೋ ತಗೊಂಡ ಒಂದು ಡೈರಿ ಷೇರು ಅವರ ಮಗನ ಎದೆಯವರೆಗೂ ಬಂತು.

ಯಶಸ್ವಿನಿ ಇರುವ ಆಸ್ಪತ್ರೆ ಹುಡುಕಿಕೊಂಡು ಬೆಂಗಳೂರಿಗೆ ಹೋದೆವು. ಅಲ್ಲೂ ಒಂದು ತೊಡಕು ಬಂತು. ಕಾರ್ಡಿನಲ್ಲಿ ನಮ್ಮನೆಯವರ ಹೆಸರಿನ ಮುಂದೆ ಇನಿಶಿಯಲ್ ಇರಲಿಲ್ಲ, ಆಧಾರ್‌ನಲ್ಲಿ ಇತ್ತು. ಒಂದು ಅಕ್ಷರ, ಅಷ್ಟೇ. ನನ್ನ ಕೈಕಾಲು ತಣ್ಣಗಾಯಿತು. ಕೌಂಟರಿನಲ್ಲಿದ್ದ ಹುಡುಗಿ 'ಅಳಬೇಡಿ ಅಕ್ಕ, ಡೈರಿಯಿಂದ ಒಂದು ಲೆಟರ್ ತರಿಸಿ, ನಾನು ಹಾಕ್ತೀನಿ' ಅಂದಳು. ಅವಳೇ ಸೆಕ್ರೆಟರಿ ಅಣ್ಣನಿಗೆ ಫೋನ್ ಹಚ್ಚಿ ಏನು ಬರೆಯಬೇಕು ಅಂತ ಒಂದೊಂದೇ ಪದ ಹೇಳಿದಳು. ಮಾರನೇ ದಿನ ಅಣ್ಣ ಬೆಳಗಿನ ಹಾಲು ಅಳೆಯುವ ಕೆಲಸವನ್ನು ಮಗನಿಗೆ ಒಪ್ಪಿಸಿ ಮಾಲೂರಿನಿಂದ ರೈಲು ಹತ್ತಿ ಬಂದರು. ಅಂಗಿ ಜೇಬಿನಲ್ಲಿ ಪ್ಲಾಸ್ಟಿಕ್ ಕವರ್, ಕವರಿನಲ್ಲಿ ಲೆಟರ್. ಅದರ ಮೇಲೆ ಸಂಘದ ಸೀಲು, ನೇರಳೆ ಬಣ್ಣದ್ದು, ಇನ್ನೂ ಸರಿಯಾಗಿ ಒಣಗಿರಲಿಲ್ಲ. ಒಂದು ಲೆಟರ್ ಹಾಳಾದರೆ ಅಂತ ಎರಡು ತಂದಿದ್ದರು. ತಿಂಡಿ ಕೂಡ ತಿಂದಿರಲಿಲ್ಲ.

ಸಂಜೆ ಆ ಹುಡುಗಿ ವಾರ್ಡಿಗೇ ಓಡಿಬಂದು 'ಅಪ್ರೂವಲ್ ಬಂತು ಅಕ್ಕ' ಅಂದಳು. ಅವಳ ಡ್ಯೂಟಿ ಮುಗಿದು ಅರ್ಧ ಗಂಟೆ ಆಗಿತ್ತು, ಹೆಗಲ ಮೇಲೆ ಮನೆಗೆ ಹೋಗುವ ಬ್ಯಾಗು ಇತ್ತು. ತಂಗಿ, ನಿನ್ನ ಹೆಸರು ಬರೆಯಬೇಡಿ ಅಂದಿದ್ದೀಯ, ಬರೆದಿಲ್ಲ. ದಿನಾ ದೀಪ ಹಚ್ಚುವಾಗ ನೆನೆಸುತ್ತೇನೆ.

ರಕ್ತ ಬೇಕಾಯಿತು. ಫ್ಯಾಕ್ಟರಿಯಲ್ಲಿ ನಮ್ಮನೆಯವರ ಲೈನಿನಲ್ಲೇ ಕೆಲಸ ಮಾಡುವ ನಾಲ್ಕು ಹುಡುಗರು ಬಂದರು, ಅದರಲ್ಲಿ ಇಬ್ಬರು ರಾಯಚೂರು ಕಡೆಯವರು, ಇಲ್ಲಿ ರೂಮ್ ಮಾಡಿಕೊಂಡು ಇರುವವರು. ನಿದ್ದೆಗೆಟ್ಟು ಬಂದರೆ ರಕ್ತ ತಗೊಳ್ಳಲ್ಲ ಅಂತ ಹಿಂದಿನ ರಾತ್ರಿ ಶಿಫ್ಟ್‌ಗೇ ಹೋಗಿರಲಿಲ್ಲ. ಅವರಿಗೂ ದಿನದ ಸಂಬಳ ಹೋಗುತ್ತದೆ ಅಲ್ವಾ? ಕೇಳಿದರೆ 'ಇರ್ಲಿ ಬಿಡ್ರಿ ಅಕ್ಕಾರ' ಅಂತ ನಕ್ಕರು. ಆ ಮಾತು ಇನ್ನೂ ಕಿವಿಯಲ್ಲಿದೆ.

ಊರಲ್ಲಿ ಹಸುಗಳನ್ನು ನೋಡಿಕೊಂಡಿದ್ದು ಪಕ್ಕದ ಮನೆಯ ಅಕ್ಕ. ನಮ್ಮ ದೊಡ್ಡ ಹಸು ಬೇರೆಯವರಿಗೆ ಹಾಲು ಸೊರೆಬಿಡುವುದಿಲ್ಲ. ಮೊದಲ ದಿನ ಒಂದು ಲೀಟರೂ ಕೊಡಲಿಲ್ಲವಂತೆ. ಮಾರನೇ ದಿನ ಅಕ್ಕ ನನ್ನ ಹಳೇ ನೈಟಿ ಹಾಕಿಕೊಂಡು, ತಲೆಗೆ ನನ್ನ ಟವೆಲ್ಲೇ ಕಟ್ಟಿಕೊಂಡು ಕೂತರು. ಹಸು ಒಮ್ಮೆ ತಿರುಗಿ ಮೂಸಿ ನೋಡಿ ಸುಮ್ಮನಾಯಿತು. 26 ದಿನ ಹಾಗೇ ಕರೆದು, ಎರಡು ಹೊತ್ತೂ ಡೈರಿಗೆ ಹಾಕಿದರು. ನಮ್ಮ ಪಾಸ್ ಪುಸ್ತಕದಲ್ಲಿ ಒಂದು ಹೊತ್ತೂ ಖಾಲಿ ಇಲ್ಲ. ಅವರ ಮನೆಯಲ್ಲೂ ಎರಡು ಹಸು ಇದ್ದಾವೆ. ಅಕ್ಕಾ, ನಿಮಗೆ ಸೀರೆ ಕೊಟ್ಟರೆ ಬೈದಿರಿ. ಈ ಬರಹಕ್ಕೆ ಬೈಯಬೇಡಿ.

ಆಪರೇಷನ್ ಆದ ಮೇಲೆ ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬ ಕೊಟ್ಟರು. ಅದರಲ್ಲಿ ಮೂರು ಗುಂಡು. ಪೈಪಿನಲ್ಲಿ ಉಸಿರು ಎಳೆದರೆ ಗುಂಡು ಮೇಲೇಳಬೇಕು. ಮೂಟೆ ಹೊರುತ್ತಿದ್ದ ಮನುಷ್ಯನಿಗೆ ಮೊದಲ ದಿನ ಒಂದು ಗುಂಡು ಅಲ್ಲಾಡಿಸಲು ಆಗಲಿಲ್ಲ. ಕೆಮ್ಮು ಬಂದರೆ ಎದೆಗೆ ದಿಂಬು ಒತ್ತಿಕೊಂಡು ಕೆಮ್ಮಬೇಕು, ಇಲ್ಲದಿದ್ದರೆ ಹೊಲಿಗೆ ಎಳೆಯುತ್ತದೆ. ಆ ಜನರಲ್ ವಾರ್ಡಿನ ನರ್ಸಮ್ಮ ಎಲ್ಲ ಹಾಸಿಗೆಗೂ ಹೋಗಿ 'ಎಳೀರಿ, ಇನ್ನೂ ಎಳೀರಿ' ಅಂತ ನಿಂತು ನೋಡುತ್ತಿದ್ದರು. ಮೂರನೇ ಗುಂಡು ಎದ್ದ ದಿನ ವಾರ್ಡಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಚಿಂತಾಮಣಿ ಕಡೆಯ ಒಬ್ಬ ತಾತ ತಮ್ಮ ಹೊಲಿಗೆ ಹಿಡಿದುಕೊಂಡೇ ಚಪ್ಪಾಳೆ ತಟ್ಟಿದರು.

ಆಪರೇಷನ್ ಬಿಲ್ಲಿಗೆ ನಾವು ಒಂದು ರೂಪಾಯಿ ಕಟ್ಟಲಿಲ್ಲ. ಆದರೆ ಎಲ್ಲವೂ ಪುಕ್ಕಟೆ ಆಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಆಂಜಿಯೋಗ್ರಾಮ್, ಓಡಾಟ, ಮನೆಗೆ ಬಂದ ಮೇಲಿನ ಮಾತ್ರೆ ಎಲ್ಲ ಕೈಯಿಂದಲೇ ಹೋಯಿತು. ಅದಕ್ಕಿಂತ ದೊಡ್ಡದು ನಾಲ್ಕು ತಿಂಗಳ ಸಂಬಳ. ಇಎಸ್‌ಐ ಇದ್ದಿದ್ದರೆ ಕಾಯಿಲೆ ರಜೆಗೆ ವರ್ಷದಲ್ಲಿ 91 ದಿನದವರೆಗೆ ಸಂಬಳದ ನೂರಕ್ಕೆ 70 ಭಾಗ ಬರುತ್ತಿತ್ತು. ಯಶಸ್ವಿನಿಯಲ್ಲಿ ಅದು ಇಲ್ಲ. ಆ ದಿನಗಳಲ್ಲಿ ಮನೆ ನಡೆದಿದ್ದು ಹಾಲಿನ ಬಟವಾಡೆಯಲ್ಲಿ ಮತ್ತು ಸ್ತ್ರೀಶಕ್ತಿ ಸಂಘದ ಅಕ್ಕಂದಿರು ಸರದಿ ಬಿಟ್ಟು ಮೊದಲು ನನಗೇ ಕೊಟ್ಟ ಸಾಲದಲ್ಲಿ. ಕಂತು ಇನ್ನೂ ಇದೆ, ಕಟ್ಟುತ್ತಿದ್ದೇನೆ. ಒಬ್ಬರೂ ಮುಖ ಸಿಂಡರಿಸಿ ಕೇಳಿಲ್ಲ.

ಅಧಿಕಾರದಲ್ಲಿ ಇರುವವರು ಯಾರಾದರೂ ಇದನ್ನು ಓದಿದರೆ ಒಂದು ಮಾತು ಕೇಳಿಕೊಳ್ಳುತ್ತೇನೆ. ಯಶಸ್ವಿನಿಯನ್ನು ಮತ್ತೆ ತಂದಿದ್ದಕ್ಕೆ ಕೈಮುಗಿಯುತ್ತೇನೆ. ಹಾಗೆಯೇ ಸಂಬಳ 500 ಜಾಸ್ತಿ ಆಯಿತು ಅಂತ ಒಂದು ಮನೆಯ ಆಸ್ಪತ್ರೆ ಬಾಗಿಲು ಮುಚ್ಚಬಾರದು. ನಮ್ಮ ಹತ್ತಿರ ಹಸು ಇತ್ತು, ಡೈರಿ ಇತ್ತು. ಅದೇ ಬಸ್ಸಿನಲ್ಲಿ ಹೋಗುವ ಆ ರಾಯಚೂರಿನ ಹುಡುಗರಿಗೆ ಏನಿದೆ? ಯಾವ ಸಂಘದಲ್ಲೂ ಸದಸ್ಯರಲ್ಲದವರು, ಬಾಡಿಗೆ ರೂಮಿನಲ್ಲಿ ಇರುವವರು, ಮಿತಿ ದಾಟಿದವರು. ಅವರು ನಮಗೆ ರಕ್ತ ಕೊಟ್ಟಿದ್ದಾರೆ. ಅವರ ಮನೆಯಲ್ಲಿ ಹೀಗಾದರೆ ಯಾವ ಕೌಂಟರಿಗೆ ಹೋಗಬೇಕು ಅಂತ ನನಗೆ ಹೇಳಲು ಬರುತ್ತಿಲ್ಲ. ಇದು ನನ್ನನ್ನು ರಾತ್ರಿ ನಿದ್ದೆ ಮಾಡಲು ಬಿಡುವುದಿಲ್ಲ.

ಸೆಕ್ರೆಟರಿ ಅಣ್ಣ, ಆವತ್ತು ನಿಮ್ಮ ಮೇಲೆ ಸಿಟ್ಟು ಮಾಡಿಕೊಂಡಿದ್ದನ್ನು ನಿಮಗೆ ಹೇಳಿಯೇ ಇರಲಿಲ್ಲ. ಇಲ್ಲಿ ಎಲ್ಲರ ಮುಂದೆ ಹೇಳುತ್ತಿದ್ದೇನೆ, ಕ್ಷಮಿಸಿ. ಮುನ್ನೂರು ಮುನ್ನೂರು ಹಿಡಿದುಕೊಂಡ ಆ ಎರಡು ಬಟವಾಡೆ ಚೀಟಿಯನ್ನು ಅತ್ತೆ ಕಾರ್ಡಿನ ಜೊತೆಗೇ ಅಕ್ಕಿ ಡಬ್ಬದ ಕೆಳಗೆ ಇಟ್ಟಿದ್ದಾರೆ.

ಕಾರ್ಡು ವರ್ಷ ವರ್ಷ ಹೊಸದಾಗಿ ಮಾಡಿಸಬೇಕು. ಮುಂದಿನ ನೋಂದಣಿ ಶುರುವಾದಾಗ ಬೆಳಿಗ್ಗೆ ಹಾಲು ಹಾಕಿದ ಮೇಲೆ ಎಂಟೂವರೆವರೆಗೆ ನಾನು ಡೈರಿಯಲ್ಲೇ ಕೂತಿರುತ್ತೇನೆ, ಅರ್ಜಿ ತುಂಬಲು ಮಗಳೂ ಬರುತ್ತಾಳೆ. ರೇಷನ್ ಕಾರ್ಡು, ಮನೆಯ ಎಲ್ಲರ ಆಧಾರ್, ಫೋಟೋ ತನ್ನಿ. ಇನಿಶಿಯಲ್ ಸರಿ ಇದೆಯಾ ಅಂತ ನಾವಿಬ್ಬರೂ ನೋಡುತ್ತೇವೆ. ದುಡ್ಡು ಆಗಲಿಲ್ಲ ಅಂತ ಮಾತ್ರ ಬರದೇ ಇರಬೇಡಿ. ಎರಡು ಬಟವಾಡೆಯಲ್ಲಿ ಹಿಡಿದುಕೊಳ್ಳುತ್ತಾರೆ, ನಾನು ಅಣ್ಣನಿಗೆ ಹೇಳಿಟ್ಟಿದ್ದೇನೆ.